ಫಿರಂಗಿ ಗಾಡಿಯ ನೀಲಿ ಬಾಗಿಲು

ಊರಿನ ಮುದುಕರಲ್ಲಿ ಮುಕ್ಕಾಲು ಪಾಲು ಜನ ಇವತ್ತಿಗೂ ಬಾಯ್ತುಂಬ ನಗುತ್ತಿರುವುದು ಯಾರ ಪುಣ್ಯದಿಂದ ಎಂದು ಕೇಳಿದರೆ ಎಲ್ಲರೂ ಹಲ್ಲಿನ ಡಾಕ್ಟರ ಕಡೆ ಕೈ ತೋರಿಸುತ್ತಾರೆ. ಅದು ಅರ್ಧ ಸತ್ಯ. ಡಾಕ್ಟರು ಬಾಯಿಯ ಅಚ್ಚು ತೆಗೆದು, ಒಂದು ಚೀಟಿ ಬರೆದು ಕಳಿಸುತ್ತಾರೆ, ಅಷ್ಟೆ. ಆಸ್ಪತ್ರೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ, ಮೇಣ ಕಾಯಿಸುವ ಒಲೆಯ ಪಕ್ಕ ಕೂತು, ಆ ಅಚ್ಚಿಗೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವವನು ಬೇರೆ. ಇಪ್ಪತ್ತೆಂಟು ವರ್ಷದಿಂದ ಅವನು ಹಲ್ಲು ಮಾಡುತ್ತಿದ್ದಾನೆ. ಒಬ್ಬರ ಬಾಯನ್ನೂ ಆ ಕೋಣೆಯಲ್ಲಿ ಕಂಡವನಲ್ಲ. ಆದರೆ ಬೀದಿಯಲ್ಲಿ ಯಾರಾದರೂ ಎದುರಿಗೆ ಬಂದು ನಕ್ಕರೆ ಸಾಕು, ತನ್ನ ಕೈಕೆಲಸದ ಗುರುತು ಹಿಡಿದುಬಿಡುತ್ತಾನೆ. ಮುಖವನ್ನು ಬಿಟ್ಟು ಹಲ್ಲಿಗೇ ನಮಸ್ಕಾರ ಹೊಡೆಯುತ್ತಾನೆ ಎಂದು ಹೆಂಡತಿ ಹಾಸ್ಯ ಮಾಡುತ್ತಾಳೆ.

ಅವನ ಗುಣಗಾನ ಹಲ್ಲಿಗೇ ಮುಗಿಯುವಂತಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯ ಇರಲಿಲ್ಲ. ಸಂಜೆ ಆರಕ್ಕೆ ಮನೆಗೆ ಬಂದು, ಕೈಕಾಲು ತೊಳೆದು, ಚಹಾ ಕುಡಿದು, ಹನ್ನೊಂದು ಮೆಟ್ಟಿಲು ಹತ್ತಿ ಮಹಡಿಯ ಸಣ್ಣ ಕೋಣೆ ಸೇರಿದನೆಂದರೆ ಅವನು ಬೇರೆಯೇ ಮನುಷ್ಯ. ಅಲ್ಲಿ ಅವನು ಫಿರಂಗಿ ಗಾಡಿಗಳ ಪುಟಾಣಿ ಮಾದರಿ ಕಟ್ಟುತ್ತಾನೆ. ನೋಡಿದವರೆಲ್ಲ "ಓ, ಟ್ಯಾಂಕು" ಅನ್ನುತ್ತಾರೆ. ಅವನಿಗೆ ಮೈಯೆಲ್ಲ ಉರಿಯುತ್ತದೆ. ಟ್ಯಾಂಕು ಮುಂದೆ ನುಗ್ಗಿ ಎದುರಾಬದುರು ಹೊಡೆದಾಡುವಂಥದ್ದು. ಇದು ಹಾಗಲ್ಲ, ಮೈಲುಗಟ್ಟಲೆ ಹಿಂದೆ ನಿಂತು ಗುಡ್ಡದ ಆಚೆಗೆ ಗುಂಡು ಹಾರಿಸುವ ಫಿರಂಗಿ, ಎಳೆಯುವುದಕ್ಕೆ ಬೇರೆ ಗಾಡಿ ಬೇಡ, ಚೈನಿನ ಮೇಲೆ ತಾನೇ ಓಡುತ್ತದೆ ಎಂದು ಬಂದವರನ್ನೆಲ್ಲ ಕೂರಿಸಿ ವಿವರಿಸುತ್ತಾನೆ. ಎಲ್ಲವನ್ನೂ ಕೇಳಿಸಿಕೊಂಡು ಜನ ಏಳುವಾಗ, ಒಟ್ಟಿನಲ್ಲಿ ಟ್ಯಾಂಕು ಚೆನ್ನಾಗಿದೆ ಅನ್ನುತ್ತಾರೆ.

ನಿಜ ಹೇಳಬೇಕೆಂದರೆ ಅವನಿಗೆ ಫಿರಂಗಿಯ ಮೇಲೂ ಅಂಥ ಮೋಹವಿಲ್ಲ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಗಾಡಿ ನಿಲ್ಲಿಸುವುದು ಅವನಿಗೆ ನಾಲ್ಕು ಸಂಜೆಯ ಕೆಲಸ. ಅವನ ಜೀವವಿರುವುದು ಆಮೇಲೆ ಅದರ ಮೇಲೆ ಹೇರುವ ಸಿಬ್ಬಂದಿಯ ಸರಂಜಾಮಿನಲ್ಲಿ. ಆರು ಜನ ಒಂದು ಗಾಡಿಯನ್ನೇ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಬದುಕಬೇಕಾದರೆ ಏನೇನು ಬೇಕು? ಹಾಸಿಗೆ ಸುರುಳಿ, ನೀರಿನ ಕ್ಯಾನು, ಬಕೆಟ್ಟು, ಸಲಿಕೆ, ಗುದ್ದಲಿ, ಸುತ್ತಿಗೆ, ಗಾಡಿಯನ್ನು ಮರೆಮಾಡುವ ಬಲೆ, ಟಾರ್ಪಾಲು, ಬೆನ್ನುಚೀಲ, ಟೆಲಿಫೋನ್ ತಂತಿಯ ಉರುಳೆ, ಮಸಿ ಹಿಡಿದ ಕೆಟಲು. ಇವೆಲ್ಲವೂ ನಿಜದ ಅಳತೆಯ ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಯಬೇಕು. ಆ ಲೆಕ್ಕದಲ್ಲಿ ಆಳೆತ್ತರದ ಮನುಷ್ಯ ಕಿರುಬೆರಳಿನಷ್ಟಾಗುತ್ತಾನೆ, ಬಕೆಟ್ಟು ಕಡಲೆಕಾಳಿನಷ್ಟು. ಮಾತ್ರೆಪಟ್ಟಿಯ ಹಿಂದಿನ ಬೆಳ್ಳಿಕಾಗದದಿಂದ ಬಕೆಟ್ಟು ಮಾಡುತ್ತಾನೆ. ಬ್ಯಾಂಡೇಜ್ ಬಟ್ಟೆಯನ್ನು ಚಹಾದಲ್ಲಿ ಅದ್ದಿ ಒಣಗಿಸಿದರೆ ಬಲೆ. ತೆಳ್ಳನೆಯ ಕಾಗದವನ್ನು ಅಂಟುನೀರಿನಲ್ಲಿ ನೆನೆಸಿ ಹೊದಿಸಿದರೆ ಟಾರ್ಪಾಲು. ಚೀಲದ ಬಕಲುಗಳನ್ನು ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ, ಹಲ್ಲಿನ ಸಂದಿ ಕೆತ್ತುವ ಉಪಕರಣದಿಂದಲೇ ಬಗ್ಗಿಸುತ್ತಾನೆ. ಮಾದರಿ ಕಟ್ಟುವವರ ಸಂಘದಲ್ಲಿ ಅವನಿಗೆ ಸರಂಜಾಮಣ್ಣ ಎಂದು ಹೆಸರಿಟ್ಟಿದ್ದರು. ನಾವೂ ಹಾಗೇ ಕರೆಯೋಣ. ಅವನಿಗೆ ಒಳಗೊಳಗೇ ಖುಷಿಯೇ.

ಸರಂಜಾಮಣ್ಣನಿಗೆ ಒಂದು ಕಟ್ಟುನಿಟ್ಟಿತ್ತು. ಅದಕ್ಕೆ ಕಾರಣ ಹನ್ನೊಂದು ವರ್ಷದ ಹಿಂದಿನ ಒಂದು ಲಾಟೀನು. ಸಂಘದ ಆ ವರ್ಷದ ಪ್ರದರ್ಶನದಲ್ಲಿ ಅವನು ಗಾಡಿಯ ಪಕ್ಕಕ್ಕೆ ಮುದ್ದಾದ ಲಾಟೀನೊಂದನ್ನು ನೇತುಹಾಕಿದ್ದ. ತೀರ್ಪುಗಾರರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕೈಯಲ್ಲಿ ಸದಾ ದೊಡ್ಡ ಭೂತಗನ್ನಡಿ ಇರುತ್ತಿದ್ದುದರಿಂದ ಅವರ ಹೆಸರೇ ಭೂತಗನ್ನಡಿ ಮೇಷ್ಟ್ರು ಎಂದಾಗಿತ್ತು. ಲಾಟೀನನ್ನು ಎಲ್ಲಿ ನೋಡಿದಿರಿ ಎಂದು ಅವರು ಕೇಳಿದರು. ಇರಬಹುದು ಅಂದ್ಕೊಂಡೆ ಎಂದು ಇವನು ತಡವರಿಸಿದ. ಅಂದ್ಕೊಂಡಿದ್ದಕ್ಕೆಲ್ಲ ಗಾಡಿಯ ಮೇಲೆ ಜಾಗ ಕೊಟ್ಟರೆ ನಾಳೆ ಆನೆಯನ್ನೂ ಹತ್ತಿಸುತ್ತೀರಿ ಎಂದು ಮೇಷ್ಟ್ರು ಅಂದಾಗ ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಅವನ ಮುಖ ಕಿವಿಯವರೆಗೂ ಕೆಂಪಾಯಿತು.

ಮಾರನೆಯ ದಿನವೇ ಅವನು ದಪ್ಪ ರಟ್ಟಿನ ರಿಜಿಸ್ಟರ್ ತಂದು ನಾಲ್ಕು ಕಾಲಂ ಗೆರೆ ಹಾಕಿದ. ವಸ್ತು, ಅಳತೆ, ಮಾಡಿದ್ದು ಯಾವುದರಿಂದ, ಆಧಾರ. ಆಧಾರದ ಕಾಲಮಿನಲ್ಲಿ ಯಾವ ಪುಸ್ತಕ, ಎಷ್ಟನೇ ಪುಟ, ಯಾವ ಫೋಟೋ ಎಂದು ಬರೆಯದೆ ಒಂದು ಸೂಜಿಯನ್ನೂ ಗಾಡಿ ಹತ್ತಿಸುವುದಿಲ್ಲ ಎಂದು ಪಣ ತೊಟ್ಟ. ಪ್ರದರ್ಶನದಲ್ಲಿ ಮಾದರಿಯ ಪಕ್ಕದಲ್ಲೇ ರಿಜಿಸ್ಟರನ್ನೂ ಬಿಚ್ಚಿಡುತ್ತಿದ್ದ. ಭೂತಗನ್ನಡಿ ಮೇಷ್ಟ್ರು ಅದನ್ನು ಸಾಲು ಸಾಲಾಗಿ ಓದಿ ತಲೆದೂಗುತ್ತಿದ್ದರು. ಬಹುಮಾನ ಮಾತ್ರ ಪ್ರತಿ ವರ್ಷ ಎರಡನೆಯದೇ ಬರುತ್ತಿತ್ತು.

ಮೂರು ವರ್ಷದ ಹಿಂದೆ ಆ ಕೋಣೆಗೆ ಇನ್ನೊಂದು ಆಧಾರ ಬಂತು, ನಡೆದುಕೊಂಡು. ಹೆಂಡತಿಯ ತಂದೆ, ಅಂದರೆ ಅವನ ಮಾವ, ಮಂಡಿ ನೋವು ಜಾಸ್ತಿಯಾಗಿ ಮಗಳ ಮನೆಯಲ್ಲಿರಲು ಬಂದರು. ತಂದದ್ದು ಒಂದು ತಗಡಿನ ಟ್ರಂಕು, ತಾವೇ ಕೊರೆದು ಮಾಡಿದ ಮೂರು ಕಾಲಿನ ಸ್ಟೂಲು. ಮಾವ ವಯಸ್ಸಿನಲ್ಲಿದ್ದಾಗ ಸೈನ್ಯದಲ್ಲಿ ಇಂಥದ್ದೇ ಫಿರಂಗಿ ಗಾಡಿಯ ಮೇಲೆ ಗುಂಡು ತುಂಬುವ ಕೆಲಸ ಮಾಡಿದವರು. ಒಂದೊಂದು ಗುಂಡೂ ನಲವತ್ತು ಕಿಲೋ ದಾಟುತ್ತಿತ್ತಂತೆ. ಮಂಡಿ ಹೋದದ್ದು ಅದಕ್ಕೇ ಎಂದು ಅವರು, ಕೂತಲ್ಲೇ ಕೂರುವುದಕ್ಕೆ ಎಂದು ಮಗಳು.

ಬಂದ ಎರಡನೇ ದಿನವೇ ಮಾವ ಒಂದು ಕೈಯಲ್ಲಿ ಕಟಕಟೆ, ಇನ್ನೊಂದು ಕೈಯಲ್ಲಿ ಸ್ಟೂಲು ಹಿಡಿದು, ಮೆಟ್ಟಿಲಿಗೊಂದು ಉಸ್ಸಪ್ಪಾ ಎನ್ನುತ್ತ ಮಹಡಿ ಹತ್ತಿದರು. ಕೆಲಸದ ಮೇಜಿನ ಎಡಕ್ಕೆ ಸ್ಟೂಲು ಹಾಕಿ ಕೂತು, ಆಗಷ್ಟೇ ಮುಗಿದಿದ್ದ ಮಾದರಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ಇಂಜಿನ್ನಿನ ಜಾಲರಿಯ ಮೇಲೆ ಹಾಸಿಗೆ ಇಟ್ಟಿದ್ದೀರಲ್ಲ, ಅಲ್ಲಿಂದ ಬರುವ ಬಿಸಿಗಾಳಿಗೆ ಅರ್ಧ ದಾರಿಯಲ್ಲೇ ಹೊತ್ತಿಕೊಂಡು ಆರು ಜನವೂ ಬೂದಿಯ ಮೇಲೆ ಮಲಗಬೇಕಾಗುತ್ತದೆ ಎಂದರು. ಇನ್ನೊಂದು ಮಾದರಿಯಲ್ಲಿ ಗಾಡಿಯ ಹಿಂಬದಿಯ ದೊಡ್ಡ ಸಲಿಕೆಯಂಥ ತಗಡಿನ ಮೇಲೆ ಅವನು ಪೆಟ್ಟಿಗೆಗಳನ್ನು ಕಟ್ಟಿದ್ದ. ಗುಂಡು ಹಾರಿಸುವ ಮುಂಚೆ ಆ ತಗಡನ್ನು ಇಳಿಸಿ ನೆಲಕ್ಕೆ ಕಚ್ಚಿಸದಿದ್ದರೆ ಗಾಡಿ ಹಿಂದಕ್ಕೆ ಜಿಗಿಯುತ್ತದೆ. ಇದು ಸಂಸಾರ ಹೂಡುವ ಗಾಡಿ, ಗುಂಡು ಹಾರಿಸುವ ಗಾಡಿಯಲ್ಲ ಎಂದು ಮಾವ ತೀರ್ಪು ಕೊಟ್ಟರು.

ಸರಂಜಾಮಣ್ಣ ಹೌದೌದು ಎಂದು ತಲೆಯಾಡಿಸಿದ. ಮಾವ ಊಟಕ್ಕೆ ಇಳಿದ ಮೇಲೆ ಮೆಲ್ಲಗೆ ಪುಸ್ತಕ ತೆಗೆದು ಫೋಟೋಗಳನ್ನು ನೋಡಿದ. ಮಾವ ಹೇಳಿದ್ದು ನಿಜವಾಗಿತ್ತು. ಪುಟ ಸಂಖ್ಯೆ ಬರೆದುಕೊಂಡು ಹಾಸಿಗೆಯನ್ನು ಬೇರೆ ಕಡೆ ಅಂಟಿಸಿದ. ಮೂರು ವರ್ಷ ಹೀಗೇ ನಡೆಯಿತು. ಮಾವ ಹೇಳುವುದು, ಇವನು ತಲೆಯಾಡಿಸುವುದು, ಅವರು ಇಳಿದ ಮೇಲೆ ಪುಸ್ತಕ ತೆಗೆಯುವುದು. ಮಾವನಿಗೆ ಇದು ಗೊತ್ತಿಲ್ಲ ಎಂದು ಅವನು ತಿಳಿದಿದ್ದ. ಆದರೆ ಮೆಟ್ಟಿಲಿನ ಮೇಲೆ ಮಂಡಿ ಸುಧಾರಿಸಿಕೊಳ್ಳಲು ನಿಂತ ಮಾವನಿಗೆ ಪುಟ ತಿರುವುವ ಸದ್ದು ಚೆನ್ನಾಗಿಯೇ ಕೇಳಿಸುತ್ತಿತ್ತು.

ಈ ವರ್ಷದ ಪ್ರದರ್ಶನಕ್ಕೆ ಅವನು ಒಂದು ದೊಡ್ಡ ಯೋಜನೆ ಹಾಕಿದ್ದ. ಮಾವ ಕೆಲಸ ಮಾಡಿದ್ದ ಗಾಡಿಯನ್ನೇ ಕಟ್ಟುವುದು. ಅದೇ ತುಕಡಿ, ಪಕ್ಕದಲ್ಲಿ ಅದೇ ನಂಬರು. ಮಾವ ಬರುವ ಮೊದಲೇ ಗುಜರಿಯವನ ಹತ್ತಿರ ಸಿಕ್ಕಿದ್ದ ಹಳೆಯ ಚಿತ್ರಪುಸ್ತಕವೊಂದರ ನಲವತ್ತೊಂದನೇ ಪುಟದಲ್ಲಿ ಆ ಗಾಡಿಯದೇ ಫೋಟೋ ಇತ್ತು. ಅದರ ಇನ್ನೊಂದು ಪ್ರತಿ ಊರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ನಾಲ್ಕು ತಿಂಗಳು ಆ ಪುಟದ ಮೇಲೆ ಕಣ್ಣಿಟ್ಟು ಕೆಲಸ ಮಾಡಿದ. ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಬಲಗಡೆಯ ಟಾರ್ಪಾಲು. ಫೋಟೋದಲ್ಲಿ ಅದು ಸುರುಳಿಯಾಗಿರಲಿಲ್ಲ, ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿ ಗಾಡಿಯ ಮಗ್ಗುಲಿಗೆ ಕಟ್ಟಿತ್ತು. ಇವನ ನೆನೆಸಿದ ಕಾಗದವೋ ಜೋಲು ಬೀಳುತ್ತಿತ್ತು. ಮೂರು ಸಲ ಕಿತ್ತು ಹಾಕಿದ ಮೇಲೆ, ಫೋಟೋದ ಅಳತೆಗೆ ಸರಿಯಾಗಿ ಒಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಒಳಗಿಟ್ಟು, ಅದರ ಮೇಲೆ ಕಾಗದ ಹೊದಿಸಿದ. ಆಗ ಚಪ್ಪಟೆಯಾಗಿ ನಿಂತಿತು. ಕೆಳಮೂಲೆಯಲ್ಲಿ ಇಣುಕುತ್ತಿದ್ದ ಒಂದು ಕಬ್ಬಿಣದ ಪಟ್ಟಿಯನ್ನೂ ಬಿಡದೆ ಮಾಡಿ, ರಿಜಿಸ್ಟರಿನಲ್ಲಿ ಟಾರ್ಪಾಲಿನ ಕ್ಲಿಪ್ಪು ಎಂದು ಬರೆದ.

ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ ಮಾದರಿ ಮುಗಿಯಿತು. ಮಾವ ಬಹಳ ಹೊತ್ತು ನೋಡಿದರು. ಚೈನು ನೋಡಿದರು, ಬಕೆಟ್ಟು ನೋಡಿದರು, ತಾವು ಕೂರುತ್ತಿದ್ದ ಜಾಗದ ಮೇಲೆ ಉಗುರಿನ ತುದಿ ಇಟ್ಟರು. ಕಣ್ಣು ಒದ್ದೆಯಾಗಿತ್ತು. ಸರಂಜಾಮಣ್ಣ ಪಕ್ಕದಲ್ಲೇ ರಿಜಿಸ್ಟರ್ ಹಿಡಿದು ನಿಂತಿದ್ದ.

"ಬಾಗಿಲು ಎಲ್ಲಿ?" ಅಂದರು ಮಾವ.

ಯಾವ ಬಾಗಿಲು ಎಂದು ಇವನು ಕೇಳಿದ. ನೀಲಿ ಬಾಗಿಲು ಎಂದರು ಅವರು, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. ತರಬೇತಿ ಮೈದಾನದ ಪಕ್ಕದಲ್ಲಿ ಒಂದು ಉಗ್ರಾಣ ಕುಸಿದುಬಿದ್ದಿತ್ತಂತೆ. ಅದರ ಬಾಗಿಲು ಮಾತ್ರ ಗಟ್ಟಿಮುಟ್ಟಾಗಿ ಉಳಿದಿತ್ತು. ಆರು ಜನ ಅದನ್ನು ಎತ್ತಿಕೊಂಡು ಬಂದು ಗಾಡಿಗೆ ಕಟ್ಟಿದರು. ನೆಲ ಕೆಸರಾದಾಗ ಗುಂಡು, ಮದ್ದು ಜೋಡಿಸಲು ಅದೇ ಹಲಗೆ. ಊಟಕ್ಕೆ ಅದೇ ಮೇಜು, ಸರದಿಯ ಮೇಲೆ ಅದೇ ಮಂಚ. ಡ್ರೈವರನ ಕಾಲು ಮುರಿದಾಗ ಅವನನ್ನು ಹೊತ್ತುಕೊಂಡು ಹೋದದ್ದೂ ಅದರ ಮೇಲೇ. ಆ ಬಾಗಿಲಿಲ್ಲದ ಗಾಡಿ ತಮ್ಮ ಗಾಡಿಯೇ ಅಲ್ಲ ಎಂದರು.

ಸರಂಜಾಮಣ್ಣ ನಗುತ್ತಾ ಕೇಳಿಸಿಕೊಂಡ. ಆದರೆ ಅವನ ತಲೆಯಲ್ಲಿ ಒಂದು ಲಾಟೀನು ತೂಗಾಡತೊಡಗಿತು. ಫಿರಂಗಿ ಗಾಡಿಯ ಮೇಲೆ ಮನೆಯ ಬಾಗಿಲು, ಅದೂ ನೀಲಿ ಬಣ್ಣದ್ದು! ಫೋಟೋ ಇದೆಯೇ ಎಂದು ಮೆತ್ತಗೆ ಕೇಳಿದ.

"ಫೋಟೋ ಯಾಕೆ? ನಾನು ಅದರ ಮೇಲೆ ಮಲಗಿದ್ದೀನಿ."

"ಅದು ಸರಿ ಮಾವ. ಆದ್ರೆ ನಲವತ್ತು ವರ್ಷದ ಹಿಂದಿನ ಮಾತು. ನೆನಪು ಅನ್ನೋದು ಆಧಾರ ಆಗಲ್ಲ."

ಆಡಿದ ಮಾತು ಬಾಯಿಂದ ಹೊರಟ ಮೇಲೆ ಸರಂಜಾಮಣ್ಣ ನಾಲಿಗೆ ಕಚ್ಚಿಕೊಂಡ, ತಡವಾಗಿತ್ತು. ಮಾವ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ನಿಂತು, ಮೂರು ವರ್ಷದಿಂದ ಆ ಕೋಣೆಯಲ್ಲೇ ಬಿಟ್ಟಿದ್ದ ಸ್ಟೂಲನ್ನು ಕೈಗೆತ್ತಿಕೊಂಡರು.

"ಸರಿ ಅಳಿಯಂದಿರೇ. ನಿಮ್ಮ ಪುಸ್ತಕದಲ್ಲಿ ಇಲ್ಲ ಅಂದ್ರೆ ನಾವೂ ಇರಲಿಲ್ಲ ಬಿಡಿ," ಎಂದು ಹೇಳಿ ಒಂದೊಂದೇ ಮೆಟ್ಟಿಲು ಇಳಿದರು. ಈ ಸಲ ಉಸ್ಸಪ್ಪಾ ಕೂಡ ಅನ್ನಲಿಲ್ಲ.

ಅಂದಿನಿಂದ ಮಾವ ಮಹಡಿ ಹತ್ತಲಿಲ್ಲ. ಮುಖ ಊದಿಸಿಕೊಂಡು ಕೂತರು ಎಂದೂ ಹೇಳುವಂತಿಲ್ಲ. ಅಗತ್ಯಕ್ಕಿಂತ ಹೆಚ್ಚೇ ಮರ್ಯಾದೆ ಕೊಟ್ಟರು. ಊಟಕ್ಕೆ ಕೂತಾಗ, ಉಪ್ಪು ಬೇಕಾದರೆ ದಯವಿಟ್ಟು ಅಳಿಯಂದಿರು ಉಪ್ಪು ಕೊಡುತ್ತಾರಾ ಎಂದು ಮಗಳನ್ನು ಕೇಳುತ್ತಿದ್ದರು. ಅಳಿಯ ಎದುರಿಗೇ, ಒಂದು ಮೊಳ ದೂರದಲ್ಲಿ, ಉಪ್ಪಿನ ಡಬ್ಬಿ ಹಿಡಿದು ಕೂತಿರುತ್ತಿದ್ದ. ಇಬ್ಬರ ನಡುವೆ ಸಿಕ್ಕ ಮಗಳು ಡಬ್ಬಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾ, ಅಂಚೆ ಕಚೇರಿಯಲ್ಲಿ ಮಾಡುವ ಕೆಲಸವನ್ನೇ ಮನೆಯಲ್ಲೂ ಮಾಡಬೇಕಾಯಿತಲ್ಲ ಎಂದು ಗೊಣಗುತ್ತಿದ್ದಳು. ಅವಳು ಅಲ್ಲಿ ಪಾರ್ಸೆಲ್ ಕೌಂಟರಿನಲ್ಲಿದ್ದಳು.

ಮಹಡಿಯ ಕೋಣೆ ಬಿಕೋ ಎನ್ನತೊಡಗಿತು. ತಪ್ಪು ಹುಡುಕುವವರು ಇಲ್ಲದಿದ್ದರೆ ಕೆಲಸ ಸರಾಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಸಂಜೆ ಸರಂಜಾಮಣ್ಣ ಕೆಟಲನ್ನು ಹಿಡಿದುಕೊಂಡು, ಇದರ ಮೂತಿ ಯಾವ ಕಡೆಗೆ ಮಾವ ಎಂದು ಎಡಕ್ಕೆ ತಿರುಗಿ ಕೇಳಿಯೂಬಿಟ್ಟ. ಅಲ್ಲಿ ನೆಲದ ಮೇಲೆ ಸ್ಟೂಲಿನ ಮೂರು ಕಾಲಿನ ಗುರುತು ಮಾತ್ರ ಇತ್ತು. ಅವನಿಗೆ ಸಂಕಟವಾಯಿತು. ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು ಅವನು. ಈ ಮೂರು ವರ್ಷದಲ್ಲಿ ಆ ಗೊಣಗಾಟ ಎಷ್ಟು ಬೇಕಾಗಿಹೋಗಿದೆ ಎಂದು ಈಗ ತಿಳಿಯಿತು. ಮಾವ ಮತ್ತೆ ಈ ಮೆಟ್ಟಿಲು ಹತ್ತದಿದ್ದರೆ ಎಂಬ ಯೋಚನೆ ಬಂದು ಕೆಟಲನ್ನು ಕೆಳಗಿಟ್ಟ. ಹೋಗಿ ಕ್ಷಮೆ ಕೇಳೋಣವೆಂದರೆ ಲಾಟೀನು ಅಡ್ಡ ಬರುತ್ತಿತ್ತು. ಬಾಗಿಲು ಹಾಕದೆ ಕೇಳುವ ಕ್ಷಮೆಗೆ ಅರ್ಥವಿಲ್ಲ, ಆಧಾರವಿಲ್ಲದೆ ಬಾಗಿಲು ಹಾಕುವುದಕ್ಕೆ ಕೈ ಬರುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಬಂದವಳು ಬಾಗಿಲಲ್ಲೇ ನಿಂತಳು. ನಿಮ್ಮ ಹಲ್ಲಿನ ಕೆಲಸದ ಬಗ್ಗೆ ಒಂದು ಅನುಮಾನ ಎಂದಳು. ಅಚ್ಚಿನಲ್ಲಿ ಹಲ್ಲಿನ ಆಕಾರ ತಿಳಿಯುತ್ತದೆ, ಸರಿ. ಹಳದಿಯೋ ಬಿಳಿಯೋ, ಬಣ್ಣ ಹೇಗೆ ತಿಳಿಯುತ್ತದೆ ಎಂದು ಕೇಳಿದಳು. ಡಾಕ್ಟರು ಚೀಟಿಯಲ್ಲಿ ಬರೆದಿರುತ್ತಾರೆ ಎಂದ ಅವನು. ನೀವು ಹೋಗಿ ಬಾಯಿ ನೋಡಿ ಬರುತ್ತೀರಾ ಎಂದಳು. ಇಲ್ಲ, ಅವರು ನೋಡಿರುತ್ತಾರಲ್ಲ ಎಂದ.

"ಇಪ್ಪತ್ತೆಂಟು ವರ್ಷ ಡಾಕ್ಟರ ಚೀಟಿ ನಂಬಿ ಊರಿಗೆಲ್ಲ ಹಲ್ಲು ಕಟ್ಟಿದ್ದೀರಿ. ನಮ್ಮಪ್ಪ ಮಲಗೆದ್ದ ಬಾಗಿಲಿಗೆ ಮಾತ್ರ ಫೋಟೋ ಬೇಕಾ ನಿಮಗೆ?"

ಅಷ್ಟು ಹೇಳಿ ಅವಳು ಬಟ್ಟೆ ಹರವಲು ಹೋದಳು. ಪಾರ್ಸೆಲ್ ತೂಗಿ ತೂಗಿ ಮಾತಿನ ತೂಕವೂ ಅವಳಿಗೆ ಗೊತ್ತಾಗಿತ್ತು, ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸರಂಜಾಮಣ್ಣ ಎದ್ದು, ಡಾಕ್ಟರು ನಾಲಿಗೆ ಒತ್ತಿ ನೋಡುವ ಮರದ ಪಟ್ಟಿಯೊಂದನ್ನು ಹುಡುಕಿ ತೆಗೆದ.

ಬಾಗಿಲು ಎಷ್ಟು ದೊಡ್ಡದು ಎಂದು ಮಾವ ಕಥೆಯ ನಡುವೆ ಹೇಳಿದ್ದರು: ತಾವು ಮಲಗಿದರೆ ತಲೆಯ ಮೇಲೆ ಒಂದು ಗೇಣು ಉಳಿಯುತ್ತಿತ್ತು, ಮಗ್ಗುಲಿಗೆ ಹೊರಳಿದರೆ ಬಿದ್ದೇ ಹೋಗುತ್ತಿದ್ದೆ ಎಂದು. ಅವನು ಮಾವನ ಎತ್ತರಕ್ಕೆ ಗೇಣು ಕೂಡಿಸಿ, ಅಗಲಕ್ಕೆ ಅವರ ಹೆಗಲಿಗಿಂತ ಚೂರು ಹೆಚ್ಚು ಹಿಡಿದು, ಎರಡನ್ನೂ ಮೂವತ್ತೈದರಿಂದ ಭಾಗಿಸಿ, ಮರದ ಪಟ್ಟಿ ಕತ್ತರಿಸಿದ. ಹಲಗೆಗಳ ಸಂದು ಕೆತ್ತಿದ, ಎರಡು ಕೀಲು ಕೂರಿಸಿದ, ನೀಲಿ ಹಚ್ಚಿ ಅಲ್ಲಲ್ಲಿ ಕೆರೆದು ಹಳತು ಮಾಡಿದ. ಬಣ್ಣ ಒಣಗುವಷ್ಟರಲ್ಲಿ ರಿಜಿಸ್ಟರ್ ಬಿಚ್ಚಿ, ಬಾಗಿಲು ಎಂದು ಬರೆದ, ಅಳತೆ ಬರೆದ, ಮರದ ಪಟ್ಟಿ ಎಂದು ಬರೆದ. ನಾಲ್ಕನೇ ಕಾಲಮಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ದಪ್ಪ ಅಕ್ಷರದಲ್ಲಿ 'ಮಾವ' ಎಂದು ಬರೆದು ಕೆಳಗೆ ತಾರೀಖು ಹಾಕಿದ.

ಇನ್ನು ಉಳಿದದ್ದು ಬಾಗಿಲಿಗೆ ಜಾಗ. ಬಲಗಡೆ ಕಟ್ಟುತ್ತಿದ್ದೆವು ಎಂದಿದ್ದರು ಮಾವ. ಅಲ್ಲಿ ಆಗಲೇ ಆ ಹಾಳು ಚಪ್ಪಟೆ ಟಾರ್ಪಾಲು ಕೂತಿತ್ತು. ಕುಂಚದಿಂದ ನೀರು ಹಚ್ಚಿ ಹಚ್ಚಿ ಅಂಟು ಮೆತ್ತಗಾಗಿಸಿ, ಟಾರ್ಪಾಲಿನ ಒಂದು ಭಾಗವನ್ನು ಮೆಲ್ಲಗೆ ಮೇಲಕ್ಕೆತ್ತಿದ. ಅಡಿಯಲ್ಲಿ ಚಪ್ಪಟೆಯಾಗಿರಲೆಂದು ತಾನೇ ಇಟ್ಟಿದ್ದ ಪ್ಲಾಸ್ಟಿಕ್ ಹಾಳೆ ಕಂಡಿತು. ಅದನ್ನು ಕಿತ್ತು ಎಸೆಯಲು ಹೋದವನು ಹಾಗೇ ನಿಂತ. ಹಾಳೆಯನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಬಾಗಿಲನ್ನು ಇಟ್ಟ. ಆಮೇಲೆ ಬಾಗಿಲನ್ನು ಹಾಳೆಯ ಮೇಲೇ ಇಟ್ಟ. ಉದ್ದವೂ ಒಂದೇ, ಅಗಲವೂ ಒಂದೇ. ಒಂದು ಕೂದಲಿನಷ್ಟು ವ್ಯತ್ಯಾಸ, ಅಷ್ಟೆ.

ತಕ್ಷಣ ನಲವತ್ತೊಂದನೇ ಪುಟ ತೆಗೆದ. ಟಾರ್ಪಾಲು ಯಾಕೆ ಚಪ್ಪಟೆಯಾಗಿತ್ತು? ಅದರ ನಾಲ್ಕು ಮೂಲೆ ಯಾಕೆ ಅಷ್ಟು ನೇರವಾಗಿದ್ದವು? ಕೆಳಗೆ ಇಣುಕುತ್ತಿದ್ದ ಕಬ್ಬಿಣದ ಪಟ್ಟಿ ಕ್ಲಿಪ್ಪೂ ಅಲ್ಲ, ಮಣ್ಣೂ ಅಲ್ಲ, ಬಾಗಿಲಿನ ಕೀಲು. ಫೋಟೋ ತೆಗೆಯುವವನು ಬಂದಾಗ ಮೇಲಧಿಕಾರಿಗಳ ಕಣ್ಣಿಗೆ ಬೀಳಬಾರದೆಂದು ಆ ಆರು ಜನ ಬಾಗಿಲಿನ ಮೇಲೆ ಟಾರ್ಪಾಲು ಹೊದಿಸಿರಬೇಕು. ನಾಲ್ಕು ತಿಂಗಳು ಆ ಫೋಟೋ ನೋಡಿ ನೋಡಿ, ತನಗೇ ಗೊತ್ತಿಲ್ಲದೆ ತಾನೇ ಬಾಗಿಲು ಮಾಡಿ ಒಳಗಿಟ್ಟು, ಆಮೇಲೆ ಬಾಗಿಲು ಇರಲೇ ಇಲ್ಲ ಎಂದು ಮಾವನೆದುರು ವಾದ ಹೂಡಿದ್ದ ಮಹಾನುಭಾವ ಇವನು! ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಪುಸ್ತಕ ಎತ್ತಿಕೊಂಡು ಮಾವನಿಗೆ ತೋರಿಸಲು ಮೆಟ್ಟಿಲು ಇಳಿಯತೊಡಗಿದ. ನಾಲ್ಕನೇ ಮೆಟ್ಟಿಲಿಗೆ ಬಂದಾಗ ಕಾಲು ನಿಂತಿತು. ಈಗ ಈ ಫೋಟೋ ಹಿಡಿದುಕೊಂಡು ಹೋಗಿ, ನೀವು ಹೇಳಿದ್ದು ನಿಜ ಮಾವ ಎಂದರೆ ಏನರ್ಥ? ಫೋಟೋ ಸಿಕ್ಕಿದ್ದರಿಂದ ನಂಬಿದೆ ಎಂದಲ್ಲವೇ? ರಿಜಿಸ್ಟರಿನಲ್ಲಿ ಮಾವ ಎಂದು ಬರೆದ ಮೇಲೆ ಇದು ಸಿಕ್ಕಿತು ಎಂದು ಎಷ್ಟು ಆಣೆ ಇಟ್ಟರೂ ಯಾರು ಕೇಳುತ್ತಾರೆ? ಅವನು ಹಿಂದಿರುಗಿ ಪುಸ್ತಕವನ್ನು ಕಪಾಟಿನಲ್ಲಿಟ್ಟ. ಹುಟ್ಟುಗುಣ ನೋಡಿ, ಆ ಪುಟದ ಒಂದು ಜೆರಾಕ್ಸ್ ಮಾತ್ರ ಮಾಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ, ಯಾತಕ್ಕೂ ಇರಲಿ ಎಂದು.

ಪ್ರದರ್ಶನ ಗ್ರಂಥಾಲಯದ ಸಭಾಂಗಣದಲ್ಲಿ. ಮಾವ ಮಗಳ ಬಲವಂತಕ್ಕೆ ಬಂದರು. ಬಂದವರು ಮಾದರಿಯ ಹತ್ತಿರವೂ ಸುಳಿಯದೆ, ದೂರದ ಗೋಡೆ ಪಕ್ಕ ತಮ್ಮ ಸ್ಟೂಲು ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಭೂತಗನ್ನಡಿ ಮೇಷ್ಟ್ರು ಮೇಜಿನಿಂದ ಮೇಜಿಗೆ ಬಾಗುತ್ತ ಬಂದರು. ಸರಂಜಾಮಣ್ಣನ ಗಾಡಿಯ ಮುಂದೆ ಹತ್ತು ನಿಮಿಷ ನಿಂತರು. ಚೀಲದ ಬಕಲು, ಬಲೆ, ತಂತಿಯ ಉರುಳೆ, ಎಲ್ಲಕ್ಕೂ ತಲೆದೂಗಿದರು. ಬಲಗಡೆಗೆ ಬಂದಾಗ ತಲೆ ನಿಂತಿತು. ಅರ್ಧ ಎತ್ತಿದ ಟಾರ್ಪಾಲಿನ ಅಡಿಯಿಂದ ನೀಲಿ ಬಾಗಿಲು ಹಲ್ಲು ಕಿರಿಯುತ್ತಿತ್ತು.

ಇದೇನು ಬಾಗಿಲು, ಕಿಟಕಿ ಎಲ್ಲಿ ಎಂದು ಸುತ್ತ ಇದ್ದವರು ನಗತೊಡಗಿದರು. ಮೇಷ್ಟ್ರು ನಗದೆ ರಿಜಿಸ್ಟರಿನ ಸಾಲಿನ ಮೇಲೆ ಭೂತಗನ್ನಡಿ ಹಿಡಿದು, 'ಮಾವ' ಎಂಬ ಎರಡಕ್ಷರವನ್ನು ದೊಡ್ಡದು ಮಾಡಿ ಓದಿದರು. ಹನ್ನೊಂದು ವರ್ಷ ಅಚ್ಚುಕಟ್ಟಾಗಿ ಬರೆದವರು ಇದೇನು ಮಾಡಿದಿರಿ ಎಂದು ಬೇಸರದಿಂದಲೇ ಕೇಳಿದರು. ಈ ಸಲ ಮೊದಲನೇ ಬಹುಮಾನ ಇದಕ್ಕೇ ಎಂದುಕೊಂಡು ಬಂದಿದ್ದರಂತೆ. ಒಂದೇ ಒಂದು ಫೋಟೋ ತೋರಿಸಿ, ಈಗಲೂ ಕೊಡುತ್ತೇನೆ ಎಂದರು.

ಸರಂಜಾಮಣ್ಣನ ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು. ಕಾಗದದ ಅಂಚು ಬೆರಳಿಗೆ ತಾಗಿತು. ಅವನು ಗೋಡೆಯ ಕಡೆ ನೋಡಿದ. ಮಾವ ಈಗ ಕಿಟಕಿ ನೋಡುತ್ತಿರಲಿಲ್ಲ. ಕತ್ತು ಮುಂದೆ ಚಾಚಿ, ಇವನ ಬಾಯನ್ನೇ ನೋಡುತ್ತಿದ್ದರು. ಜೇಬಿನಿಂದ ಕರವಸ್ತ್ರ ತೆಗೆದು ಸರಂಜಾಮಣ್ಣ ಹಣೆ ಒರೆಸಿಕೊಂಡ.

"ಫೋಟೋ ಯಾಕೆ ಮೇಷ್ಟ್ರೇ? ಆಧಾರ ಅಲ್ಲಿ ಕೂತಿದ್ದಾರೆ. ಹೋಗಿ ಕೇಳಿ," ಅಂದ.

ನಗುತ್ತಿದ್ದವರು ಸುಮ್ಮನಾಗಿ ತಿರುಗಿ ನೋಡಿದರು. ಮೇಷ್ಟ್ರು ಭೂತಗನ್ನಡಿ ಹಿಡಿದುಕೊಂಡೇ ಮಾವನ ಹತ್ತಿರ ಹೋದರು. ಹೋದವರು ಒಂದು ಗಂಟೆ ವಾಪಸ್ ಬರಲಿಲ್ಲ. ಕುರ್ಚಿ ತರಿಸಿಕೊಂಡು ಕೂತರು. ಉಗ್ರಾಣ ಕುಸಿಯಿತು, ಬಾಗಿಲು ಗಾಡಿ ಹತ್ತಿತು, ಡ್ರೈವರನ ಕಾಲು ಮುರಿಯಿತು. ಸುತ್ತ ಜನ ಸೇರಿದಂತೆ ಮಾವನ ದನಿಯೂ ಏರಿತು. ಪಕ್ಕದ ಮೇಜುಗಳ ಹಡಗು, ವಿಮಾನ ಕಟ್ಟಿದವರೂ ಬಂದು ನಿಂತರು. ಕೊನೆಗೆ ಮೇಷ್ಟ್ರು ಎದ್ದು ಬಂದು, ಕಥೆ ಬಹಳ ಚೆನ್ನಾಗಿದೆ, ನನಗೆ ಸಂಶಯವೂ ಇಲ್ಲ, ಆದರೆ ನಿಯಮ ನಿಯಮವೇ ಎಂದರು. ಮೊದಲನೇ ಬಹುಮಾನ ಒಂದು ಅಗ್ನಿಶಾಮಕ ಗಾಡಿಗೆ ಹೋಯಿತು. ಸರಂಜಾಮಣ್ಣನಿಗೆ ಎಂದಿನಂತೆ ಎರಡನೆಯದು. ಅವನು ಚಪ್ಪಾಳೆ ತಟ್ಟಿದ ರಭಸ ನೋಡಿದರೆ ಗೆದ್ದವನು ಅವನೇ ಅನ್ನಬೇಕು.

ಮಾರನೆಯ ಬೆಳಿಗ್ಗೆ ಸರಂಜಾಮಣ್ಣ ಮಾದರಿಯನ್ನು ಕಪಾಟಿಗೆ ಸೇರಿಸಲು ಮಹಡಿಗೆ ಹೋಗಿದ್ದಾಗ ಮೆಟ್ಟಿಲಿನ ಮೇಲೆ ಮರ ತಾಗುವ ಸದ್ದು ಕೇಳಿಸಿತು. ಒಂದು ಮೆಟ್ಟಿಲು, ಒಂದು ಉಸ್ಸಪ್ಪಾ. ಅವನು ಹನ್ನೊಂದನ್ನೂ ಎಣಿಸಿದ. ಮಾವ ಬಂದು, ನೆಲದ ಮೇಲಿನ ಹಳೆಯ ಮೂರು ಗುರುತಿಗೆ ಸರಿಯಾಗಿ ಸ್ಟೂಲು ಇಟ್ಟು ಕೂತರು. ಕೂತವರು ಕಪಾಟಿಗೆ ಕೈ ಚಾಚಿ ಹಳೆಯ ಚಿತ್ರಪುಸ್ತಕ ತೆಗೆದರು. ಹುಡುಕದೆಯೇ ನಲವತ್ತೊಂದನೇ ಪುಟ ಬಿಚ್ಚಿ, ಟಾರ್ಪಾಲಿನ ಕೆಳಮೂಲೆಯ ಮೇಲೆ ಬೆರಳಿಟ್ಟರು.

"ಇದು ಕ್ಲಿಪ್ಪಲ್ಲ. ಬಾಗಿಲಿನ ಕೀಲು."

ಸರಂಜಾಮಣ್ಣ ಪುಟದ ಮೇಲೆ ಬಾಗಿದ. ಯಾವಾಗಿನಿಂದ ಗೊತ್ತು ಎಂದು ಕೇಳಿದ. ಈ ಮನೆಗೆ ಬಂದ ವಾರದಲ್ಲೇ ನೋಡಿದ್ದೆ ಎಂದರು ಮಾವ. ಹಾಗಾದರೆ ಅವತ್ತೇ ಯಾಕೆ ತೋರಿಸಲಿಲ್ಲ ಎಂದು ಕೇಳಿದ.

"ತೋರಿಸಿದ್ರೆ ನೀವು ಫೋಟೋನ ನಂಬ್ತಿದ್ರಿ," ಎಂದರು ಮಾವ. "ಒಂದು ಸಲನಾದ್ರೂ ನನ್ನ ನಂಬ್ತೀರೇನೋ ಅಂತ ಆಸೆಯಿತ್ತು."

ಸರಂಜಾಮಣ್ಣ ಜೇಬಿಗೆ ಕೈ ಹಾಕಿ, ಮಡಚಿದ ಜೆರಾಕ್ಸನ್ನು ತೆಗೆದು ಪುಸ್ತಕದ ಪಕ್ಕ ಇಟ್ಟ. ಮಾವ ಅದನ್ನು ಬಿಡಿಸಿ ನೋಡಿದರು. ಅಂಗಡಿಯವನು ಹಿಂದೆ ಒತ್ತಿದ್ದ ತಾರೀಖಿನ ಮುದ್ರೆ ನೋಡಿದರು. ರಿಜಿಸ್ಟರ್ ಎಳೆದುಕೊಂಡು ತಮ್ಮ ಸಾಲಿನ ತಾರೀಖು ನೋಡಿದರು. ಅದು ಒಂದು ದಿನ ಹಿಂದಿನದು. ನಿನ್ನೆ ಸಭಾಂಗಣದಲ್ಲಿ ಇದು ಜೇಬಿನಲ್ಲೇ ಇತ್ತಾ ಎಂದು ಕೇಳಿದರು. ಇತ್ತು ಎಂದ ಅವನು. ಮೊದಲನೇ ಬಹುಮಾನ ಕೈ ಬಿಟ್ಟಿರಲ್ಲ, ನಿಮಗೇನು ಹುಚ್ಚೇ ಎಂದು ಬೈಯಲು ಹೋದ ಮಾವನ ಬೈಗುಳ ನಗುವಾಗಿ, ಇಬ್ಬರೂ ಸೇರಿ ನಕ್ಕ ಸದ್ದಿಗೆ ಕೆಳಗಿನಿಂದ ಮಗಳು, ಉಪ್ಪಿನ ಡಬ್ಬಿ ಇನ್ನು ನಾನು ದಾಟಿಸುವುದಿಲ್ಲ ಎಂದು ಕೂಗಿ ಹೇಳಿದಳು.

ಮಾವ ಕಣ್ಣೊರೆಸಿಕೊಂಡು ಮಾದರಿಯ ಕಡೆ ಬಾಗಿದರು. ನೀಲಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, ಮೂಗು ಮುರಿದರು.

"ಕೀಲು ಎರಡಲ್ಲ, ಮೂರು. ನಡುವಿನದು ಸೊಟ್ಟ."

ಫೋಟೋದಲ್ಲಿ ಕಾಣುತ್ತಿದ್ದುದು ಒಂದೇ ಕೀಲು. ಪುಸ್ತಕ ಇಬ್ಬರ ನಡುವೆ ಬಿಚ್ಚಿಕೊಂಡೇ ಇತ್ತು. ಸರಂಜಾಮಣ್ಣ ಅದನ್ನು ಮುಚ್ಚಿ ಪಕ್ಕಕ್ಕೆ ಸರಿಸಿ, ಪೆನ್ನು ತೆಗೆದುಕೊಂಡ.

"ಎಷ್ಟು ಸೊಟ್ಟ, ಮಾವ?"

ಮಾವ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, ಕಿರುಬೆರಳನ್ನು ಸ್ವಲ್ಪವೇ ಬಗ್ಗಿಸಿ ತೋರಿಸಿದರು.